ರಜೆಯ ದಿನವೂ ಬಂದ ಎದೆನೋವು

ಬೆಳಿಗ್ಗೆ ಒಂಬತ್ತು ಗಂಟೆ. ಬೂಟು ಹೊಲಿಯುವ ಕಾರ್ಯಾಗಾರದ ಮೆಟ್ಟಿಲ ತಿರುವಿನಲ್ಲಿ ಮೇಸ್ತ್ರಿಯ ಹೆಂಡತಿ ಮತ್ತೆ ನಿಂತಳು.

ಸೊಂಟದ ಮೇಲೆ ಮರದ ಅಚ್ಚುಗಳ ಬುಟ್ಟಿ. ಎದೆಗೆ ಯಾರೋ ಚರ್ಮದ ಪಟ್ಟಿ ಸುತ್ತಿ ಬಿಗಿದು ಎಳೆದಂತೆ. ತಿರುವಿನಲ್ಲಿ ಅವಳೇ ಈಚೆಗೆ ತಂದಿಟ್ಟುಕೊಂಡ ಕುರ್ಚಿಯೊಂದಿತ್ತು. ಅದರ ಮೇಲೆ ಕುಳಿತಳು. ಸ್ವಲ್ಪ ಹೊತ್ತಿಗೆ ಬಿಗಿತ ಸಡಿಲವಾಯಿತು. ಏನೂ ಆಗದವಳಂತೆ ಎದ್ದು ಮೇಲೆ ಹೋಗಿ, ಕಿಟಕಿ ಪಕ್ಕದ ಹೊಲಿಗೆ ಮೆಷಿನ್ ಮುಂದೆ ಕುಳಿತಳು. ಆ ಮೆಷಿನ್ ಅವಳದು. ಬೂಟಿನ ಮೇಲ್ಭಾಗ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ.

"ಮತ್ತೆ ಬಂತೇನೇ?" ಕೆಳಗಿನಿಂದ ಗಂಡ ಕೂಗಿದ.

"ಬಂತು, ಹೋಯ್ತು. ನಿಮ್ಮ ನೆಂಟರ ಹಾಗಲ್ಲ, ಬೇಗ ಹೋಗುತ್ತೆ."

ಎದೆನೋವಿಗೆ ಆ ಬೀದಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೂಟಿನ ಕೆಲಸದವರು ಪಾದದ ಆಕಾರದ ಮರದ ಅಚ್ಚಿಗೆ ಚರ್ಮ ಬಿಗಿದು, ಅಚ್ಚನ್ನು ಎದೆಮೂಳೆಗೆ ಒತ್ತಿ ಹಿಡಿದು ಬೂಟಿನ ತಳದ ಅಟ್ಟೆ ಹೊಲಿಯುತ್ತಾರೆ. ವರ್ಷಗಟ್ಟಲೆ ಒತ್ತಿದರೆ ಎದೆ ನೋಯುತ್ತದೆ. ಅವರು ಅದನ್ನು 'ಅಚ್ಚಿನ ನೋವು' ಎನ್ನುತ್ತಿದ್ದರು. ಅದು ಬಂದರೆ ಕೈ ಪಳಗಿತು ಎಂದು ಬೀಗುವುದೂ ಉಂಟು. ಮೇಸ್ತ್ರಿಗಂತೂ 'ಎದೆಗಾರ' ಎಂದೇ ಅಡ್ಡಹೆಸರು.

ಹೆಂಡತಿಯೂ ಮಧ್ಯಾಹ್ನದ ಮೇಲೆ ಕೆಳಗೆ ಕುಳಿತು ಅಟ್ಟೆ ಹೊಲಿಯುತ್ತಿದ್ದಳು. ಹಾಗಾಗಿ ಅವಳಿಗೂ ಅಚ್ಚಿನ ನೋವೇ ಹತ್ತಿಕೊಂಡಿದೆ ಎಂದು ಎದೆಗಾರ ತೀರ್ಮಾನಿಸಿದ್ದ. ಕೈಕಟ್ಟಿ ಕೂರುವ ಗಂಡನಲ್ಲ. ಮೆತ್ತನೆಯ ಚರ್ಮ ಆರಿಸಿ, ಒಳಗೆ ಉಣ್ಣೆ ತುಂಬಿ, ಅಂಚಿಗೆ ಕೆಂಪು ದಾರ ಹಾಕಿ ಎದೆಗೆ ಕಟ್ಟಿಕೊಳ್ಳುವ ದಿಂಬು ಹೊಲಿದುಕೊಟ್ಟಿದ್ದ. ದಿಂಬು ಚೆನ್ನಾಗಿತ್ತು. ನೋವು ಮಾತ್ರ ನಿಲ್ಲಲಿಲ್ಲ.

ಒಂದು ದಿನ ಎದುರುಮನೆಯ ನರ್ಸ್ ಚಪ್ಪಲಿಗೆ ಹಿಮ್ಮಡಿ ಹಾಕಿಸಲು ಬಂದಳು. ಮೆಟ್ಟಿಲ ತಿರುವಿನ ಕುರ್ಚಿಯಲ್ಲಿ ಅವಳ ಗೆಳತಿ, ಮೇಸ್ತ್ರಿಯ ಹೆಂಡತಿ, ಬೆವೆತು ಕುಳಿತಿದ್ದಳು.

"ಇದೇನೇ, ಮೆಟ್ಟಿಲ ಮೇಲೆ ಸಿಂಹಾಸನ?"

"ಅಚ್ಚಿನ ನೋವಮ್ಮ," ಉತ್ತರ ಕೊಟ್ಟವನು ಎದೆಗಾರ. "ನಮ್ಮ ಕಸುಬಿನೋರಿಗೆಲ್ಲ ಇದ್ದದ್ದೇ. ನೋಡಿ, ನಂಗಿಲ್ಲವಾ?" ಎನ್ನುತ್ತ ಹೆಬ್ಬೆರಳಿನಿಂದ ಎದೆಮೂಳೆ ಒತ್ತಿಕೊಂಡ. "ಅಯ್ಯಯ್ಯೋ!"

ಒಳಗಿದ್ದ ಅವಳ ಅತ್ತೆ, ಎದೆಗಾರನ ತಾಯಿ, ತಾವೂ ದನಿಗೂಡಿಸಿದರು. "ನಂಗೂ ಉಂಡು ಮಲಗಿದ ಕೂಡ್ಲೇ ಎದೆ ಉರಿಯುತ್ತೆ, ಬಾಯಿಗೆ ಹುಳಿ ನೀರು ಬರುತ್ತೆ. ನಾನೇನು ಆಸ್ಪತ್ರೆಗೆ ಓಡ್ತೀನಾ?"

"ಒಂದೇ ಮನೇಲಿ ಮೂರು ಎದೆನೋವು! ಚೆನ್ನಾಗಿದೆ ಸಂಸಾರ," ಎಂದಳು ನರ್ಸ್. ಆಮೇಲೆ ಗೆಳತಿಯ ಪಕ್ಕದ ಮೆಟ್ಟಿಲ ಮೇಲೆ ಕುಳಿತಳು. "ನೀನು ಹೇಳು. ಒತ್ತಿದ್ರೆ ನೋಯುತ್ತಾ?"

"ಇಲ್ಲ."

"ಕಾರ್ಯಾಗಾರ ಮುಚ್ಚಿದ ದಿನ?"

ಅವಳು ಗಂಡನ ಕಡೆ ನೋಡಿದಳು. ಇಷ್ಟು ದಿನ ಬಚ್ಚಿಟ್ಟ ಮಾತು ಅದೇ. ಹೃದಯದ ಕಾಯಿಲೆ ಎಂದರೆ ಎಲ್ಲರೂ ಸೇರಿ ಮೆಟ್ಟಿಲು ಹತ್ತಬೇಡ ಎನ್ನುತ್ತಾರೆ. ಕಿಟಕಿ ಪಕ್ಕದ ಮೆಷಿನ್ ಬೇರೆಯವರ ಪಾಲಾಗುತ್ತದೆ. ಆ ಭಯಕ್ಕೆ ಬಾಯಿ ಬಿಟ್ಟಿರಲಿಲ್ಲ.

"ರಜೆ ದಿನಾನೂ ಬರುತ್ತೆ," ಎಂದಳು ಮೆಲ್ಲಗೆ. "ಒದ್ದೆ ಬಟ್ಟೆ ಬಕೆಟ್ ಎತ್ಕೊಂಡು ಮಹಡಿ ಹತ್ತಿದಾಗ. ಎಡಗೈಗೂ ಇಳಿಯುತ್ತೆ. ಕೂತ್ರೆ ಹೋಗುತ್ತೆ."

"ಬಕೆಟ್ ಹೊರೋವಾಗ ಎದೆಗೆ ಅಚ್ಚು ಯಾರು ಒತ್ತಿದ್ರು?"

ಎದೆಗಾರನ ಕೈಯಲ್ಲಿದ್ದ ಸುತ್ತಿಗೆ ಕೆಳಗಿಳಿಯಿತು. "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇನ್ನೊಂದು ದಿಂಬು ಹೊಲೀತಿದ್ರಿ."

ನರ್ಸ್ ನಗಲಿಲ್ಲ. "ಎದೆನೋವಿಗೆ ನೂರು ಕಾರಣ. ಮೂಳೆ, ಸ್ನಾಯು, ಹೊಟ್ಟೆಯ ಆಮ್ಲ, ಶ್ವಾಸಕೋಶ, ಮನಸ್ಸಿನ ಗಾಬರಿ, ಹೃದಯ. ಹತ್ತಿದ್ರೆ ಬಂದು ಕೂತ್ರೆ ಹೋಗೋದು ಹೃದಯದ್ದಿರಬಹುದು. ಯಾವುದು ಅಂತ ಹೇಳೋಕೆ ನಾನು ಡಾಕ್ಟರಲ್ಲ, ನೀವಂತೂ ಅಲ್ವೇ ಅಲ್ಲ. ಒತ್ತಿದ್ರೆ ನೋಯುತ್ತೆ ಅಂತ ನೀವೂ ಧೈರ್ಯವಾಗಿರಬೇಡಿ ಎದೆಗಾರರೇ. ಹೊರಡಿ, ಮೂವರೂ. ಇವತ್ತೇ."

ಆಸ್ಪತ್ರೆಯಲ್ಲಿ ಮೊದಲು ಹೆಂಡತಿಯ ಹೃದಯಬಡಿತ ಗೆರೆಯಾಗಿ ಮೂಡುವ ಇಸಿಜಿ ತೆಗೆದರು. ಅದರಲ್ಲಿ ದೋಷ ಕಾಣಲಿಲ್ಲ.

"ನೋಡಿದ್ಯಾ! ಗೀಟು ನೆಟ್ಟಗಿದೆ!" ಎದೆಗಾರ ಹಿಗ್ಗಿದ.

"ನೆಟ್ಟಗಿದ್ರೆ ಕಷ್ಟ ಯಜಮಾನ್ರೇ, ಅದು ಏರಿಳಿದುಕೊಂಡೇ ಇರ್ಬೇಕು," ಎಂದರು ಡಾಕ್ಟರಮ್ಮ. "ಇನ್ನೊಂದು ಮಾತು. ನೋವಿಲ್ಲದಾಗ ತೆಗೆದ ಇಸಿಜಿ ಸರಿ ಇದ್ದ ಮಾತ್ರಕ್ಕೆ ಹೃದಯ ಸರಿ ಇದೆ ಅಂತಲ್ಲ. ರಕ್ತನಾಳ ಕಿರಿದಾಗಿದ್ರೆ, ಕೂತಾಗ ಬರೋ ರಕ್ತ ಹೃದಯಕ್ಕೆ ಸಾಕಾಗುತ್ತೆ. ಮೆಟ್ಟಿಲು ಹತ್ತಿದಾಗ ಸಾಲಲ್ಲ. ಹೆಂಗಸರಲ್ಲಿ ಕೆಲವು ಸಲ ಬರೀ ಆಯಾಸ, ಉಸಿರುಗಟ್ಟೋದು, ದವಡೆ ನೋವು, ಹೊಟ್ಟೆ ತೊಳಸೋದು, ಇಷ್ಟೇ ಕಾಣಿಸಬಹುದು. ಗ್ಯಾಸ್ ಅಂತ ಸುಮ್ಮನಾಗ್ತಾರೆ."

"ನನ್ನ ಮೆಷಿನ್..." ಎಂದಳು ಅವಳು.

"ಮೆಷಿನ್ ಉಳಿಸ್ಕೊಳ್ಳೋಕೇ ಇನ್ನೊಂದು ಪರೀಕ್ಷೆ ಮಾಡೋದು. ಬಚ್ಚಿಟ್ರೆ ಅದೂ ಇಲ್ಲ, ನೀವೂ ಇಲ್ಲ."

ಆ ಮಾತು ನಾಟಿತು. ವೈದ್ಯರ ಕಣ್ಗಾವಲಿನಲ್ಲಿ ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ನಡೆಸಿ ನೋಡುವ ಪರೀಕ್ಷೆಯಲ್ಲಿ ಅವಳು ಹಲ್ಲು ಕಚ್ಚಿ ಸಹಿಸಲಿಲ್ಲ. ಬಿಗಿತ ಶುರುವಾದ ತಕ್ಷಣ, "ಬಂತು!" ಎಂದಳು. ಪಟ್ಟಿ ನಿಲ್ಲಿಸಿದರು. ಈ ಸಲ ಇಸಿಜಿಯ ಗೆರೆ ಬದಲಾಗಿತ್ತು. ಮುಂದಿನ ಪರೀಕ್ಷೆಯಲ್ಲಿ ಹೃದಯದ ಒಂದು ರಕ್ತನಾಳ ತೀರಾ ಕಿರಿದಾಗಿರುವುದು ಗೊತ್ತಾಯಿತು. ಸ್ಟೆಂಟ್ ಎಂಬ ಪುಟ್ಟ ಬಲೆಯಂಥ ಕೊಳವೆ ಇಟ್ಟು ನಾಳವನ್ನು ಅಗಲಿಸಿದರು. ಹೃದಯಾಘಾತ ಆಗುವ ಮೊದಲೇ ಕಾಯಿಲೆ ಸಿಕ್ಕಿಬಿದ್ದಿತ್ತು.

ಎದೆಗಾರನ ಹೃದಯ ಗಟ್ಟಿಯಾಗಿತ್ತು. ಅವನದು ಪಕ್ಕೆಲುಬು ಎದೆಮೂಳೆಗೆ ಕೂಡುವಲ್ಲಿನ ಉರಿಯೂತ. ಮಾತ್ರೆ ಕೊಟ್ಟರು, ಅಚ್ಚನ್ನು ಎದೆಯ ಬದಲು ಮೇಜಿಗೆ ಬಿಗಿದ ಇಕ್ಕಳಕ್ಕೆ ಸಿಕ್ಕಿಸಲು ಹೇಳಿದರು. ಅತ್ತೆಯದು ಹೊಟ್ಟೆಯ ಆಮ್ಲ ಮೇಲೇರುವ ತೊಂದರೆ. ಔಷಧದ ಜೊತೆಗೆ, ಉಂಡ ಕೂಡಲೇ ಮಲಗಬಾರದು ಎಂದು ತಾಕೀತು ಮಾಡಿದರು.

ಡಾಕ್ಟರಮ್ಮ ಮೆಟ್ಟಿಲು ಹತ್ತಬಹುದು ಎಂದ ದಿನ ಬೀದಿಯ ಕೆಲಸಗಾರರೆಲ್ಲ ಕಾರ್ಯಾಗಾರದ ಬಾಗಿಲಲ್ಲಿ ಸೇರಿದರು. ಅವಳು ಒಂದೊಂದೇ ಮೆಟ್ಟಿಲು ಹತ್ತಿದಳು. ತಿರುವು ಬಂತು. ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ಮೇಲಿನಿಂದ ಮೆಷಿನ್ ಗಡಗಡ ಎಂದಾಗ ಕೆಳಗೆ ಶಿಳ್ಳೆ, ಚಪ್ಪಾಳೆ. ಎದೆಗಾರ ಕಣ್ಣೊರೆಸಿಕೊಂಡು, "ದೂಳು ಕಣ್ರೋ," ಎಂದ. ಯಾರೂ ನಂಬಲಿಲ್ಲ.

ಓದುತ್ತಿರುವ ನೀವೂ ಒಮ್ಮೆ ಯೋಚಿಸಿ. ನಿಮಗೋ ಮನೆಯವರಿಗೋ ಎದೆನೋವು ಮತ್ತೆ ಮತ್ತೆ ಬರುತ್ತಿದೆಯೇ? ಕಸುಬಿನದು, ಗ್ಯಾಸಿನದು, ವಯಸ್ಸಿನದು ಎಂದು ನೀವೇ ಹೆಸರಿಡಬೇಡಿ. ಏನು ಮಾಡುವಾಗ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಗಮನಿಸಿ, ವೈದ್ಯರಿಗೆ ಏನನ್ನೂ ಮುಚ್ಚಿಡದೆ ಹೇಳಿ. ಸುಮ್ಮನೆ ಕುಳಿತಾಗಲೇ ಬಂದ ನೋವು, ಅಥವಾ ಕೆಲಸ ನಿಲ್ಲಿಸಿ ಕುಳಿತ ಮೇಲೂ ಉಳಿದ ನೋವು ಕೆಲವು ನಿಮಿಷ ಕಳೆದರೂ ಹೋಗದಿದ್ದರೆ, ಅಥವಾ ಜೊತೆಗೆ ತಣ್ಣನೆಯ ಬೆವರು, ಉಸಿರಾಟದ ಕಷ್ಟ, ತಲೆಸುತ್ತು, ಕೈಗೋ ದವಡೆಗೋ ಹರಡುವ ನೋವು ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ಆಂಬುಲೆನ್ಸ್ ಕರೆಯಿರಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ಮೇಸ್ತ್ರಿಯ ಹೆಂಡತಿ ಮಾತ್ರೆ ತಪ್ಪಿಸುವುದಿಲ್ಲ, ಕಿಟಕಿ ಪಕ್ಕದ ಮೆಷಿನ್ ಅವಳ ಕೈಯಲ್ಲೇ ಇದೆ. ಮೆಟ್ಟಿಲ ತಿರುವಿನ ಕುರ್ಚಿ ಕೆಳಗಿಳಿದು ಅಡುಗೆಮನೆ ಸೇರಿದೆ. ಊಟವಾದ ಮೇಲೆ ಅತ್ತೆ ಕೆಂಪು ಅಂಚಿನ ಆ ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು ಆ ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿರುತ್ತಾರೆ.