ಪದ್ಮಾವತಿಯ ಕಮೆಂಟು

ಗುರುವಾರ ಬೆಳಿಗ್ಗೆ ಬರಹ ಹಾಕಿದರೆ ಶುಕ್ರವಾರ ಸಂಜೆಯ ಹೊತ್ತಿಗೆ ಲೀಲಾಧರನ ತಲೆ ಕೆಡುತ್ತಿತ್ತು. ಇದು ವಾರವಾರದ ಕತೆ. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಒಣಗಲು ಹಾಕಿದ ಸೀರೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೊಬೈಲಿನ ಪರದೆಯನ್ನು ಹೆಬ್ಬೆರಳಿನಿಂದ ಎಳೆದು ಬಿಡುವುದು, ಮತ್ತೆ ಎಳೆದು ಬಿಡುವುದು. 'ಲೋಕಲ್ ಕಿಟಕಿ' ಅವನ ಬ್ಲಾಗಿನ ಹೆಸರು. ಎಷ್ಟು ಜನ ಓದಿದರು ಎಂಬುದು ಬರೆದವನಿಗೆ ಮಾತ್ರ ಕಾಣುತ್ತದೆ. ಅದು ಇನ್ನೂರು ದಾಟಿತ್ತು. ಎಲ್ಲರಿಗೂ ಕಾಣುವ ಜಾಗದಲ್ಲಿ, ಬರಹದ ಅಡಿಯಲ್ಲಿ, 'ಪ್ರತಿಕ್ರಿಯೆಗಳಿಲ್ಲ' ಎಂದಿತ್ತು.

"ಇನ್ನೂರು ಜನ ಮನೆಗೆ ಊಟಕ್ಕೆ ಬಂದು, ಉಂಡು, ಕೈ ತೊಳೆದು, ಒಂದು ಮಾತೂ ಆಡದೆ ಎದ್ದು ಹೋದ ಹಾಗೆ ಆಯಿತಲ್ಲ ಇದು! ಸಾರಿಗೆ ಉಪ್ಪು ಹೆಚ್ಚಾಯಿತು ಅಂತಾದರೂ ಹೇಳಬಹುದಲ್ಲ?" ಎಂದು ಅವನು ಒಳಗಿನವರಿಗೆ ಕೇಳುವಂತೆ ಹೇಳಿದ.

ಒಳಗಿದ್ದವಳು ಹೆಂಡತಿ ಲೋಲಾಕ್ಷಿ ಒಬ್ಬಳೇ. ಅವಳು ಹುರುಳಿ ಆರಿಸುತ್ತಿದ್ದಳು. ಗಂಡ ಹೆಂಡತಿ ಮನೆಯಲ್ಲಿ ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರುತ್ತಿದೆ ಅಷ್ಟೇ. ಆದರೆ ಬ್ಲಾಗಿನ ವಿಷಯಕ್ಕೆ ಅವಳು ತುಳುವಿನಲ್ಲೂ ಬಾಯಿ ಬಿಡುತ್ತಿರಲಿಲ್ಲ. ಬ್ಲಾಗು ಶುರುವಾದ ನಾಲ್ಕು ವರ್ಷದಲ್ಲಿ ಕಟ್ಟಿಕೊಂಡವಳೇ ಒಂದು ಮಾತು ಆಡಲಿಲ್ಲ ಎಂಬ ದೂರು ಲೀಲಾಧರನಿಗೆ ಒಳಗೊಳಗೇ ಇತ್ತು. ಅವಳೆಲ್ಲಿ ಓದುತ್ತಾಳೆ, ಟ್ಯಾಬಿನಲ್ಲಿ ಧಾರಾವಾಹಿ ನೋಡುವುದಕ್ಕೇ ಪುರುಸೊತ್ತಿಲ್ಲ ಎಂದು ಅವನೇ ತೀರ್ಮಾನ ಮಾಡಿಬಿಟ್ಟಿದ್ದ.

ಬ್ಲಾಗು ಮಾಡಿಕೊಟ್ಟವಳು ಮಗಳು ರಮಿತಾ. ಠಾಣೆಯ ಕೈಗಾರಿಕಾ ಪ್ರದೇಶ ವಾಗ್ಳೆ ಎಸ್ಟೇಟಿನ ಕಂಪನಿಯ ಸ್ಟೋರ್ಸಿನಿಂದ ನಿವೃತ್ತನಾದ ಮೇಲೆ ಅಪ್ಪ ದಿನಕ್ಕೆ ಹತ್ತು ಸಲ ಫೋನು ಮಾಡುವುದನ್ನು ತಡೆಯಲಾರದೆ, ತಾನಿರುವ ಖಾರಘರದಿಂದ ಬಂದು ಒಂದು ಭಾನುವಾರ ಕೂತು ಮಾಡಿಕೊಟ್ಟಿದ್ದಳು. ಈಗ ಪ್ರತಿಕ್ರಿಯೆ ಬಾರದ್ದಕ್ಕೂ ಫೋನು. "ಪಪ್ಪಾ, ಲೋಗ್ ಪಢತೇ ಹೈ, ಲಿಖತೇ ನಹೀ. ಛೋಡೋ ನಾ," ಎಂದಳು ಅವಳು, ಜನ ಓದುತ್ತಾರೆ, ಬರೆಯುವುದಿಲ್ಲ, ಬಿಟ್ಟುಬಿಡಿ ಎಂದು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಅವಳ ಮೇಲೆ ರೇಗಿ ಪ್ರಯೋಜನವಿರಲಿಲ್ಲ.

ಓದಲು ಬರುವವರನ್ನೇ ಹಿಡಿದು ಕೇಳುತ್ತೇನೆ ಎಂದುಕೊಂಡು ಆ ಭಾನುವಾರ ಲೀಲಾಧರ ಠಾಣೆಗೆ ಹೋಗುವ ಲೋಕಲ್ ರೈಲು ಹಿಡಿದ. ಅಲ್ಲಿನ ಕೋಪರಿಯ ಒಂದು ಸಭಾಭವನದಲ್ಲಿ ಕನ್ನಡ ಬಳಗದ ತಿಂಗಳ ಸಭೆ. ಮೆಟ್ಟಿಲು ಹತ್ತುತ್ತಿದ್ದಂತೆ ಬಳಗದ ಕಾರ್ಯದರ್ಶಿ ಶೈಲೇಶ್ ಎದುರಾದ. ಹೋಟೆಲು ನಡೆಸುವವನು, ನಾಲಿಗೆ ಸಿಹಿ.

"ಲೀಲಣ್ಣಾ, ಓದಿದೆ ಮಾರಾಯ್ರೆ. ಭಾರಿ ಲಾಯ್ಕ ಉಂಟು!"

ಲೀಲಾಧರನ ಕಣ್ಣು ಅರಳಿತು. "ಹೌದಾ? ಯಾವ ಭಾಗ?"

"ಆ... ಅದು, ಹೋಟೆಲಿನದ್ದು."

"ಹೋಟೆಲಿನದ್ದು ಮೂರು ಬರೆದಿದ್ದೇನೆ. ಬಟಾಟೆ ವಡೆಯದ್ದಾ, ಕ್ಯಾಶಿಯರಿನದ್ದಾ?"

"ವಡೆ... ವಡೆಯದ್ದೇ ಇರಬೇಕು."

"ಅದರಲ್ಲಿ ಯಾವ ಸಾಲು ಲಾಯ್ಕ ಆಯಿತು ನಿಮಗೆ? ಯಾಕೆ ಅಂತ ಹೇಳಿದರೆ ನನಗೂ ಉಪಕಾರ."

ಶೈಲೇಶ್ ಆಚೆ ಈಚೆ ನೋಡಿದ. "ಮೈಕ್ ಸೆಟ್ ಆಗಿದೆಯಾ ನೋಡಿ ಬರ್ತೇನೆ ಅಣ್ಣಾ," ಎಂದು ಹೋದವನು ಸಭೆ ಮುಗಿಯುವವರೆಗೆ ಅವನಿರುವ ಕಡೆ ಸುಳಿಯಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಮಾನಸಿ ನೇರ ಹುಡುಗಿ. "ಅಂಕಲ್, ನಾನು ಓದೋದು ಟ್ರೇನಲ್ಲಿ. ಒಂದ್ ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನ್. ಟೈಪ್ ಕೈಸೇ ಕರೂ, ಹೇಗ್ ಮಾಡ್ಲಿ? ಮುಂಬ್ರಾ ಸ್ಟೇಷನ್ ಬಂದ್ರೆ ಉಸಿರಾಡೋಕೂ ಜಾಗ ಇರಲ್ಲ," ಎಂದಳು. ಸರಿ, ಇಳಿದ ಮೇಲೆ ಬರೆಯಬಹುದಲ್ಲ ಎಂದರೆ, "ಇಳಿದ ಮೇಲೆ ಯಾರಿಗೆ ನೆನಪಿರುತ್ತೆ ಅಂಕಲ್?" ಎಂದು ನಕ್ಕಳು. ಇನ್ನೊಬ್ಬರು ಪಾಸ್‌ವರ್ಡಿನ ನೆಪ ಹೇಳಿದರು. ಮತ್ತೊಬ್ಬರು, "ನಿಮಗೆ ಬರೆದರೆ ಲತೇಶನ ಬ್ಲಾಗಿಗೂ ಬರೆಯಬೇಕಾಗ್ತದೆ, ಅವನು ಕವಿತೆ ಬರೀತಾನೆ," ಎಂದು ಕೈ ಮುಗಿದರು.

ವಾಪಸು ಬರುವಾಗ ಲೀಲಾಧರ ದಾರಿಯುದ್ದಕ್ಕೂ ಗೊಣಗಿದ. ಪುಕ್ಕಟೆ ಓದಿ, ಒಂದು ಒಳ್ಳೆಯ ಮಾತು ಬರೆಯಲು ಈ ಜನಕ್ಕೆ ಕೈ ನೋಯುತ್ತದೆಯೇ? ಹಾಗಾದರೆ ನಾನೇ ಬರೆದುಕೊಳ್ಳುತ್ತೇನೆ, ಅದನ್ನು ನೋಡಿಯಾದರೂ ಇವರಿಗೆ ನಾಚಿಕೆಯಾಗಲಿ.

ಅವನ ಮೊಬೈಲಿನಲ್ಲಿ ಅವನದೇ ಹೆಸರಿನ ಖಾತೆ. ಆದ್ದರಿಂದ ಲೋಲಾಕ್ಷಿ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಅವಳ ಟ್ಯಾಬು ತೆಗೆದು ಅದರಲ್ಲಿ ಹೊಸ ಖಾತೆ ಮಾಡಿದ. ಹೆಸರು ಪದ್ಮಾವತಿ, ಹುಟ್ಟೂರು ಕಲಬುರಗಿ, ಈಗ ಇರುವುದು ಮುಂಬೈ. ಕರಾವಳಿಯ ಹೆಸರಿಟ್ಟರೆ ಯಾರ ಮನೆಯವಳು ಎಂದು ಬಳಗದವರು ಸಂಜೆಯೊಳಗೆ ಪತ್ತೆ ಹಚ್ಚುತ್ತಾರೆ ಎಂಬ ಜಾಣತನ ಅದು. ಪದ್ಮಾವತಿಯಿಂದ 'ತುಂಬಾ ಸೊಗಸಾದ ಬರಹ' ಎಂದು ಬರೆಸಿದ. ಒಬ್ಬರೂ ಅತ್ತ ತಿರುಗಿ ನೋಡಲಿಲ್ಲ. ಎರಡನೆಯ ವಾರ 'ಕಣ್ತುಂಬಿ ಬಂತು' ಎಂದು ಬರೆಸಿದ. ಅದಕ್ಕೂ ಇಲ್ಲ.

ಮೂರನೆಯ ವಾರ ಅವನಿಗೆ ರೋಸಿಹೋಗಿತ್ತು. ಡೊಂಬಿವಲಿಯ ಪಕ್ಕದ ಊರು ಕಲ್ಯಾಣದ ಸ್ಟೇಷನ್ನಿನ ಹೊರಗೆ ಮಾರುವ ಜೋಳದ ರೊಟ್ಟಿ ತಿಂದು ದವಡೆ ನೋವು ಬಂದದ್ದನ್ನು ತಮಾಷೆಯಾಗಿ ಬರೆದು ಹಾಕಿದ್ದ. ಅದೇ ಸಿಟ್ಟಿನಲ್ಲಿ ಟ್ಯಾಬು ತೆಗೆದು, ವಾಗ್ಳೆ ಎಸ್ಟೇಟಿನಲ್ಲಿ ಮಾಲು ಇಳಿಸುತ್ತಿದ್ದ ಕಲಬುರಗಿ ಕಡೆಯವರ ಮಾತನ್ನು ನೆನಪಿಸಿಕೊಂಡು, ಪದ್ಮಾವತಿಯಿಂದ ತನಗೇ ಬೈಸಿದ:

'ಏನ್ರೀ ಸಾಹೇಬ್ರ, ನಮ್ಮ ರೊಟ್ಟಿಗಿ ರಟ್ಟು ಅಂತ ಹೆಸರಿಡ್ತೀರೇನು? ರೊಟ್ಟಿ ತಿನ್ನಾಕ ಹಲ್ಲು ಗಟ್ಟಿ ಇರಬೇಕ್ರಿ. ಅಗಿಯೋದೇ ಇಲ್ಲದ ಅನ್ನ ನುಂಗೋ ಮಂದಿಗಿ ಏನ್ ತಿಳೀತದ?'

ಸಂಜೆಯೊಳಗೆ ಬ್ಲಾಗಿನಲ್ಲಿ ಜಾತ್ರೆ. ಮೊದಲು ಬಂದವನು ಶೈಲೇಶ್: 'ಅನ್ನದ ಬಗ್ಗೆ ಹಗುರವಾಗಿ ಮಾತಾಡಬೇಡಿ ಮೇಡಂ. ನಮ್ಮ ಕುಚ್ಚಲಕ್ಕಿ ತಿಂದು ನೋಡಿ.' ಮಾನಸಿ, ಟ್ರೇನಿನಲ್ಲಿ ಒಂದು ಕೈ ಬಿಟ್ಟೇ ಇರಬೇಕು, 'ಪದ್ಮಾವತಿ ಕಾಕೂ, ತುಮ್ಹೀ ಗ್ರೇಟ್' ಎಂದು ಮರಾಠಿಯಲ್ಲಿ ಹೊಗಳಿದಳು. ಪಾಸ್‌ವರ್ಡು ಮರೆತವರಿಗೆ ಪಾಸ್‌ವರ್ಡು ನೆನಪಾಯಿತು. ಕವಿತೆಯ ಲತೇಶನೂ ಬಂದು ರೊಟ್ಟಿಯ ಮೇಲೆ ನಾಲ್ಕು ಸಾಲು ಕಟ್ಟಿ ಹೋದ. ಲೀಲಾಧರ ಬಾಲ್ಕನಿಯಲ್ಲಿ ಕೂತು ಒಂದೊಂದನ್ನೂ ಎರಡೆರಡು ಸಲ ಓದಿದ. ಮೊದಮೊದಲು ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಮೇಲೆ ಗಮನಿಸಿದ, ಒಂದು ಪ್ರತಿಕ್ರಿಯೆಯೂ ಅವನಿಗೆ ಬಂದದ್ದಲ್ಲ. ಎಲ್ಲವೂ ಪದ್ಮಾವತಿಗೆ.

ಮುಂದಿನ ವಾರಗಳಲ್ಲಿ ಇದು ಇನ್ನೂ ಹೆಚ್ಚಿತು. 'ಈ ಸಲ ಪದ್ಮಾವತಿ ಅಕ್ಕ ಎಲ್ಲಿ?' ಎಂದು ಜನ ಕೇಳತೊಡಗಿದರು. ಲೀಲಾಧರ ತನ್ನ ಬರಹವನ್ನು ಅರ್ಧ ಗಂಟೆಯಲ್ಲಿ ಮುಗಿಸಿ, ಅದಕ್ಕೆ ಪದ್ಮಾವತಿ ಏನು ಬೈಯಬೇಕು ಎಂದು ಅರ್ಧ ದಿನ ಯೋಚಿಸುವಂತಾಯಿತು. ಒಂದು ದಿನ ನವಿ ಮುಂಬೈಯಿಂದ ಯಾರೋ, 'ನಿಜ ಹೇಳಬೇಕೆಂದರೆ ಲೇಖನಕ್ಕಿಂತ ಪದ್ಮಾವತಿಯವರ ಕಮೆಂಟೇ ಚೆನ್ನಾಗಿರುತ್ತದೆ' ಎಂದು ಬರೆದರು. ಅವನಿಗೆ ಮೈಯೆಲ್ಲ ಉರಿಯಿತು. ತಾನೇ ಹುಟ್ಟಿಸಿದ ಹೆಂಗಸು ತನ್ನ ಮನೆಯಲ್ಲೇ ಕೂತು ತನ್ನನ್ನು ಮೂಲೆಗೆ ತಳ್ಳಿದ್ದಳು. ಈ ಸಂಕಟವನ್ನು ಹೇಳಿಕೊಳ್ಳುವುದಾದರೂ ಯಾರ ಹತ್ತಿರ?

ಅಂಬಾರಾಯನ ಮಾತು ಬಂದದ್ದು ಅದೇ ಹೊತ್ತಿಗೆ.

'ಅಕ್ಕಾರ, ನಮಸ್ಕಾರ್ರಿ. ನಾನು ಅಂಬಾರಾಯ. ಕಲ್ಯಾಣದಾಗ ಬಿಲ್ಡಿಂಗ್ ಕೆಲಸಕ್ಕ ಇದ್ದೀನಿ, ನಮ್ದೂ ಕಲಬುರಗಿ ಕಡೀನೇ. ನೀವು ಸಾಹೇಬ್ರಿಗೆ ಬೈದಿದ್ದು ಮನ್ಯಾಗ ಓದಿ ಹೇಳ್ತೀನಿ. ನನ್ನ ಹೇಣ್ತಿ ಮರಗಮ್ಮ ಭಾಳ ನಗ್ತಾಳ್ರಿ. ನಾವು ಬಂದಾಗಿಂದ ಆಕಿ ನಕ್ಕಿದ್ದೇ ಇಲ್ಲ. ಇಲ್ಲಿ ಆಕೀ ಜೋಡಿ ಮಾತಾಡೋರು ಯಾರೂ ಇಲ್ರಿ. ನೀವು ಎಲ್ಲಿರ್ತೀರಿ ಹೇಳ್ರಿ, ಐತಾರ ರಜಾ ಇರ್ತದ, ಕರಕೊಂಡು ಬರ್ತೀನಿ.' ಕೆಳಗೆ ತನ್ನ ಫೋನ್ ನಂಬರು ಹಾಕಿದ್ದ.

ಲೀಲಾಧರ ಉತ್ತರಿಸಲಿಲ್ಲ. ಎರಡು ದಿನ ಬಿಟ್ಟು ಅಂಬಾರಾಯ ಮತ್ತೆ ಬರೆದ: 'ಅಕ್ಕಾರ, ಮರಗಮ್ಮ ನಿಮಗಂತ ರೊಟ್ಟಿ ಬಡದು ಇಟ್ಟಾಳ್ರಿ. ರೊಟ್ಟಿ ಜೋಡಿ ತಿನ್ನಾಕ ಶೇಂಗಾ ಹಿಂಡಿನೂ ಮಾಡ್ಯಾಳ.'

ಪದ್ಮಾವತಿ ಊರಿಗೆ ವಾಪಸು ಹೋದಳು ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಹಾಗೆಂದು ಟ್ಯಾಬಿನಲ್ಲಿ ಅರ್ಧ ಬರೆದೂ ಇದ್ದ. ಆದರೆ ಕಲ್ಯಾಣದ ಯಾವುದೋ ಶೆಡ್ಡಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ ಕಣ್ಣಿಗೆ ಕಟ್ಟಿತು. ಕಾಣದ ಹೆಂಗಸಿಗಾಗಿ ಒಬ್ಬಳು ಹಿಟ್ಟು ನಾದಿದ್ದಾಳೆ. ಅವನಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಬರೆದದ್ದನ್ನು ಅಳಿಸಿದ.

ಗುರುವಾರದ ಬರಹದಲ್ಲಿ ಎಲ್ಲವನ್ನೂ ಹೇಳಿದ. ಪದ್ಮಾವತಿ ಎಂಬವರು ಇಲ್ಲ, ಅದು ನಾನೇ. ನಿಮ್ಮ ಒಂದು ಮಾತಿಗಾಗಿ ಹಪಹಪಿಸಿ ಹೀಗೆ ಮಾಡಿದೆ. ನಿಮ್ಮೆಲ್ಲರ, ಅದರಲ್ಲೂ ಕಲ್ಯಾಣದ ಅಂಬಾರಾಯ ಮತ್ತು ಮರಗಮ್ಮನವರ ಕ್ಷಮೆ ಕೇಳುತ್ತೇನೆ ಎಂದು ಬರೆದ. ಅವರಿಬ್ಬರೂ ನಮ್ಮ ಮನೆಗೇ ಬರಲಿ ಎಂದೂ ಸೇರಿಸಿದ. ಇಷ್ಟು ನಿಜವಾದದ್ದನ್ನು ಅವನು ಹಿಂದೆ ಎಂದೂ ಬರೆದಿರಲಿಲ್ಲ. ಈಗ ಬೈಯುತ್ತಾರೆ, ಬೈಯಲಿ. ಬೈಗುಳವಾದರೂ ತನಗೇ ಬರುತ್ತದೆ.

ಓದಿದವರ ಲೆಕ್ಕ ಹಿಂದೆಂದೂ ಏರದಷ್ಟು ಏರಿತು. ಶುಕ್ರವಾರ ಸಂಜೆ ಬಾಲ್ಕನಿಯಲ್ಲಿ ಕೂತು ಪರದೆ ಎಳೆದು ಬಿಟ್ಟ, ಎಳೆದು ಬಿಟ್ಟ. 'ಪ್ರತಿಕ್ರಿಯೆಗಳಿಲ್ಲ.'

ಶೈಲೇಶ್ ಇಲ್ಲ, ಮಾನಸಿ ಇಲ್ಲ, ಅಂಬಾರಾಯನೂ ಇಲ್ಲ. "ಬೈಯಲಿಕ್ಕೂ ಯೋಗ್ಯತೆ ಇಲ್ಲವಾ ನನಗೆ?" ಎಂದು ಲೀಲಾಧರ ಜೋರಾಗಿಯೇ ಹೇಳಿದ. ಬ್ಲಾಗನ್ನೇ ಅಳಿಸಿಹಾಕುವುದು ಹೇಗೆ ಎಂದು ರಮಿತಾಳಿಗೆ ಫೋನು ಹಚ್ಚಿದ, ಅವಳು ಎತ್ತಲಿಲ್ಲ. ನಾಳೆ ಬೆಳಿಗ್ಗೆ ಅವಳಿಂದಲೇ ಅಳಿಸಿಸುತ್ತೇನೆ, ಇನ್ನು ಒಂದಕ್ಷರ ಬರೆಯುವುದಿಲ್ಲ ಎಂದು ನಿಶ್ಚಯ ಮಾಡಿದ. ನಾಲ್ಕು ವರ್ಷ ಗೋಡೆಗೆ ಮಾತಾಡಿದ್ದು ಸಾಕಾಗಿತ್ತು.

ಶನಿವಾರ ಬೆಳಿಗ್ಗೆ ಕೊನೆಯ ಸಲ ಎಂದು ತೆರೆದು ನೋಡಿದರೆ ಬರಹದ ಅಡಿಯಲ್ಲಿ ಒಂದೇ ಒಂದು ಪ್ರತಿಕ್ರಿಯೆ. ಹೆಸರು ನೋಡಿ ಅವನು ಮೊಬೈಲನ್ನು ಕಣ್ಣಿನ ಹತ್ತಿರ ತಂದ. ಪದ್ಮಾವತಿ, ಕಲಬುರಗಿ. ಅದನ್ನು ಅವನು ಬರೆದಿರಲಿಲ್ಲ.

'ಟ್ಯಾಬು ನನ್ನದು. ಅದರಲ್ಲಿ ನೀವು ಏನು ಮಾಡಿದ್ದೀರಿ ಅಂತ ಮೊದಲನೇ ದಿನವೇ ನೋಡಿದ್ದೇನೆ. ನಿಮ್ಮ ಬರಹ ಶುರುವಿನಿಂದ ಓದುತ್ತೇನೆ, ಒಂದು ವಾರ ಬಿಟ್ಟಿಲ್ಲ. ಮೊದಲ ಬರಹ ಓದಿ ಲಾಯ್ಕ ಆಗಿದೆ ಅಂದಿದ್ದೆ, ನಿಮಗೆ ನೆನಪಿಲ್ಲ. ಯಾವ ಸಾಲು, ಯಾಕೆ ಲಾಯ್ಕ, ಬಾಕಿಯದ್ದು ಲಾಯ್ಕ ಇಲ್ಲವಾ ಅಂತ ಒಗ್ಗರಣೆ ಸೀಯುವವರೆಗೆ ಕೇಳಿದಿರಿ. ಆಮೇಲೆ ನಾನು ಹೇಳಲಿಲ್ಲ. ಓದಿದವರಿಗೆಲ್ಲ ನೀವು ಪರೀಕ್ಷೆ ಇಟ್ಟರೆ ಯಾರು ಬಾಯಿ ಬಿಡುತ್ತಾರೆ? ಈ ವಾರದ್ದು ಓದಿ ನನಗೆ ಅಳು ಬಂತು. ಕಲ್ಯಾಣದವರಿಗೆ ನಾನೇ ಫೋನು ಮಾಡಿದ್ದೇನೆ. ಆ ಹೆಂಗಸಿಗೆ ಮೊದಲು ಸಿಟ್ಟು ಬಂತಂತೆ, ಆಮೇಲೆ ನಕ್ಕಳಂತೆ. ಭಾನುವಾರ ರೊಟ್ಟಿ ತೆಗೆದುಕೊಂಡು ಬರುತ್ತಾರೆ. ನೀವು ತಿನ್ನಿ, ಏನೂ ಕೇಳಬೇಡಿ.'

ಲೀಲಾಧರ ಅದನ್ನು ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ. ನಾಲ್ಕು ವರ್ಷ, ಒಂದು ವಾರ ಬಿಟ್ಟಿಲ್ಲ! ತಾನು ಬಾಲ್ಕನಿಯಲ್ಲಿ ಕೂತು ಊರಿನವರನ್ನೆಲ್ಲ ಶಪಿಸುತ್ತಿದ್ದಾಗ, ಓದಿದವಳು ಹತ್ತು ಹೆಜ್ಜೆ ಆಚೆ ಹುರುಳಿ ಆರಿಸುತ್ತಿದ್ದಳು. ಕುರ್ಚಿ ಬಿಟ್ಟು ಎದ್ದ, ಒಣಗಿದ ಸೀರೆ ತಲೆಗೆ ತಾಗಿದ್ದೂ ತಿಳಿಯಲಿಲ್ಲ. ಏನೂ ಕೇಳಬಾರದು, ಸುಮ್ಮನೆ ಹೋಗಿ ಅವಳ ಹತ್ತಿರ ನಿಲ್ಲಬೇಕು ಎಂದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದ.

ಲೋಲಾಕ್ಷಿ ಮಿಕ್ಸಿಯ ಜಾರಿಗೆ ತೆಂಗಿನಕಾಯಿ ತುಂಬುತ್ತಿದ್ದಳು. ಅವನು ಬಂದದ್ದು ಗೊತ್ತಾಗಿತ್ತು, ಕಿವಿ ಕೆಂಪಾಗಿತ್ತು. ಲೀಲಾಧರ ಸುಮ್ಮನೆ ನಿಂತ. ಆಮೇಲೆ ತಡೆಯಲಾಗಲಿಲ್ಲ.

"ಅಲ್ಲ ಮಾರಾಯ್ತಿ, ಅಳು ಬಂತು ಅಂತ ಬರೆದಿದ್ದೀಯಲ್ಲ," ಎಂದ. "ಯಾವ ಸಾಲಿಗೆ?"

ಲೋಲಾಕ್ಷಿ ತಿರುಗಿ ಅವನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಮುಚ್ಚಳ ಒತ್ತಿ ಹಿಡಿದು ಮಿಕ್ಸಿ ಹಾಕಿದಳು.