ಅಪ್ಪನಿಗೆ ಕೊಟ್ಟ ವಿಳಾಸ

ನನ್ನ ತಂಗಿಗೆ ಒಂದು ಇಮೇಲ್ ವಿಳಾಸ ಬೇಕಾಗಿತ್ತು. ಇಷ್ಟೇ ವಿಷಯ. ಇಷ್ಟಕ್ಕೆ ನಾನು ಮೂರು ವಾರ ತಲೆ ಕೆಡಿಸಿಕೊಂಡು, ಗಿರಾಕಿಗಳ ಮೇಲೆ ರೇಗಿ, ಒಬ್ಬರ ಕನ್ನಡಕದ ಫ್ರೇಮಿಗೆ ಇನ್ನೊಬ್ಬರ ಗಾಜು ಕೂರಿಸಿ, ಗಂಡನ ಜೊತೆ ಎರಡು ದಿನ ಮಾತು ಬಿಟ್ಟೆ.

ನಮ್ಮದು ಕನ್ನಡಕದ ಅಂಗಡಿ. ಮುಂದೆ ಗಲ್ಲೆಯ ಹತ್ತಿರ ನಾನು, ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತ ನಮ್ಮೆಜಮಾನರು, ಬಾಗಿಲ ಪಕ್ಕದ ಬೆಂಚಿನ ಮೇಲೆ ಬೆಳಗ್ಗೆ ಹತ್ತರಿಂದ ನಮ್ಮಪ್ಪ. ಅಪ್ಪ ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಟೈಂ ಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆದಿಡುವುದೇ ಕೆಲಸ. ನಿವೃತ್ತರಾದ ಮೇಲೂ ಆ ಚಾಳಿ ಬಿಟ್ಟಿಲ್ಲ. ನಾನು ಊಟಕ್ಕೆ ಎದ್ದರೂ ಗಡಿಯಾರ ನೋಡುತ್ತಾರೆ.

ತಂಗಿ ಗಂಡನನ್ನು ಬಿಟ್ಟದ್ದು ಅವನು ಅವಳ ಮಣಿಕಟ್ಟು ಮುರಿದ ದಿನ. ಮಗಳು ಪುಟ್ಟಿಯನ್ನು ಕಟ್ಟಿಕೊಂಡು ಎರಡು ಊರು ಬದಲಾಯಿಸಿದಳು. ಎರಡು ಸಲವೂ ಆ ಮಹಾನುಭಾವ ಪತ್ತೆ ಹಚ್ಚಿಕೊಂಡು ಬಂದ. ಎರಡನೆಯ ಸಲವಂತೂ ಶಾಲೆಯ ಗೇಟಿನಿಂದಲೇ ಪುಟ್ಟಿಯನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಎಲ್ಲಿ ಇಟ್ಟಿದ್ದನೋ ಯಾರಿಗೂ ತಿಳಿಯಲಿಲ್ಲ. ಪೊಲೀಸರ ಕೈಕಾಲು ಹಿಡಿದ ಮೇಲೆ ಐದನೆಯ ದಿನ ಮಗು ಮರಳಿ ಸಿಕ್ಕಿತು. ಅವನಿಗೆ ವಿಳಾಸ ಸಿಕ್ಕಿದ್ದು ಹೇಗೆ ಗೊತ್ತೇ? ಶಾಲೆಯವರು ಅವಳ ಹಳೆಯ ಇಮೇಲಿಗೆ ಕಳಿಸಿದ ಸುತ್ತೋಲೆಯಿಂದ. ಪಾಸ್‌ವರ್ಡ್ ಪುಟ್ಟಿ ಹುಟ್ಟಿದ ತಾರೀಖು. ನಮ್ಮವಳ ಬುದ್ಧಿಗೆ ಏನೆನ್ನಲಿ!

ಮೂರನೆಯ ಊರಿಗೆ ಹೋದಾಗ ನಾನೇ ಸೊಂಟ ಕಟ್ಟಿ ನಿಂತೆ. ಉಪಾಯ ಇಷ್ಟೇ, ಹೊರಗಿನವರಿಗೆ ತೋರಿಕೆಯ ಇಮೇಲ್ ವಿಳಾಸವೊಂದನ್ನು ಕೊಡುವುದು. ಅದಕ್ಕೆ ಬಂದದ್ದನ್ನು ನಡುವಿನ ಒಂದು ಕಂಪನಿ ನಿಜವಾದ ಪೆಟ್ಟಿಗೆಗೆ ದಾಟಿಸುವುದು. ಕಳಿಸಿದವರಿಗೆ ನಿಜವಾದದ್ದು ಕೊನೆಗೂ ಗೊತ್ತಾಗದು. ಇಂಥ ಕಂಪನಿಗಳು ಒಂದಲ್ಲ ಎರಡಲ್ಲ. ಎಲ್ಲವೂ ತಾನೇ ವೇಗ, ತಾನೇ ಗುಟ್ಟು ಎಂದು ಎದೆ ತಟ್ಟಿಕೊಳ್ಳುತ್ತವೆ. ನಾಲ್ಕನ್ನು ಆರಿಸಿ, ಅಂಗಡಿಯ ಕಂಪ್ಯೂಟರಿನಿಂದ ಒಂದೊಂದರ ಮೂಲಕವೂ ಪತ್ರ ಕಳಿಸಿ, ನನ್ನ ಫೋನಿಗೆ ಬರುವುದನ್ನು ಕಾಯುತ್ತ ಕೂತೆ.

ಅಪ್ಪನಿಗೆ ಮತ್ತೆ ಕೆಲಸಕ್ಕೆ ಸೇರಿದಷ್ಟು ಖುಷಿ. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡು, "ಹೊರಟಿತೇನಮ್ಮ? ಹತ್ತು ಗಂಟೆ ಎರಡು ನಿಮಿಷ. ಹೂಂ," ಎನ್ನುತ್ತಿದ್ದರು.

ಮೊದಲನೆಯದು ಏಳೇ ಸೆಕೆಂಡಿನಲ್ಲಿ ಬಂತು. ಕುಣಿದಾಡಿದೆ. ಉತ್ತರ ಬರೆದು ನೋಡಿದರೆ, ಆ ಪತ್ರದ ಕೆಳಗೆ ನನ್ನ ನಿಜವಾದ ವಿಳಾಸ ರಾಜಾರೋಷವಾಗಿ ಕೂತಿತ್ತು. ಅದಕ್ಕೆ ಬಾಯಿಬಡುಕ ಎಂದು ಹೆಸರಿಟ್ಟೆ. ಎರಡನೆಯದು ವಿಳಾಸ ಕೊಡುವ ಮೊದಲೇ ಫೋನ್ ನಂಬರು, ಹುಟ್ಟಿದ ದಿನ, ಗುರುತಿನ ಚೀಟಿಯ ಫೋಟೋ ಎಲ್ಲ ಕೇಳಿತು.

"ಗುಟ್ಟಾಗಿರೋಕೆ ಅಂತ ಬಂದೋರ ಹತ್ರ ಜಾತಕ ಕೇಳ್ತಾನಲ್ರೀ ಇವ್ನು!" ಎಂದು ನಾನು ಕೂಗಿಕೊಂಡೆ. ಕನ್ನಡಿಯಲ್ಲಿ ಫ್ರೇಮು ನೋಡಿಕೊಳ್ಳುತ್ತಿದ್ದ ಗಿರಾಕಿ ಹೆದರಿ ಫ್ರೇಮು ಕೆಳಗಿಟ್ಟರು.

ಮೂರನೆಯದು ಆಮೆ. ಗುಟ್ಟಿನಲ್ಲಿ ಎತ್ತಿದ ಕೈ, ಆದರೆ ಹನ್ನೊಂದು ನಿಮಿಷ. ಪುಟ್ಟಿಯ ಪಾಲನೆಯ ಕೇಸು ನಡೆಯುತ್ತಿದ್ದ ಕೋರ್ಟಿನವರು ಲಾಗಿನ್ನಿಗೆಂದು ಕಳಿಸುವ ಒಟಿಪಿ ಸಂಕೇತ ಹತ್ತು ನಿಮಿಷಕ್ಕೆ ರದ್ದಾಗುತ್ತದೆ. ಮತ್ತೆ ಕೇಳಿದರೆ ಮತ್ತೆ ಹನ್ನೊಂದು ನಿಮಿಷ. ವಿಚಾರಣೆಯ ದಿನ ತಪ್ಪಿದರೆ ಪುಟ್ಟಿ ಯಾರ ಹತ್ತಿರ ಇರಬೇಕು ಎಂಬುದು ಅವನು ಹೇಳಿದಂತೆಯೇ ಆದೀತು. ಈ ಒಂದು ನಿಮಿಷಕ್ಕಾಗಿ ನಾನು ಆ ಕಂಪನಿಗೆ ಹಾಕಿದ ಶಾಪ ತಟ್ಟಿದ್ದರೆ ಅವರು ಬಾಗಿಲು ಮುಚ್ಚಿ ಎಷ್ಟೋ ದಿನ ಆಗಿರುತ್ತಿತ್ತು.

ಅಪ್ಪ ಮಾತ್ರ ಸಮಾಧಾನವಾಗಿ, "ದಿನಾ ಒಂದೇ ಥರ ತಡ ಮಾಡೋ ಬಸ್ಸು ಒಳ್ಳೇದಮ್ಮ, ನಂಬಬಹುದು," ಎಂದರು.

"ಅಪ್ಪಾ, ನೀವು ಸುಮ್ನೆ ಬರ್ಕೊಳ್ಳಿ."

ಇತ್ತ ನಮ್ಮೆಜಮಾನರು ಗಾಜು ಉಜ್ಜುವುದು ಬಿಟ್ಟು ಕಂಪನಿಗಳ ಗೌಪ್ಯತಾ ನಿಯಮಗಳನ್ನು ಒಂದು ಸಾಲೂ ಬಿಡದೆ ಓದತೊಡಗಿದರು. "ಇಲ್ಲಿ 'ಸಾಮಾನ್ಯವಾಗಿ ಯಾರಿಗೂ ಕೊಡುವುದಿಲ್ಲ' ಅಂತಿದೆ ಕಣೇ. ಸಾಮಾನ್ಯವಾಗಿ ಅಂದ್ರೆ ಏನರ್ಥ?"

"ರೀ, ನಿಮ್ಮ ದಮ್ಮಯ್ಯ ಅಂತೀನಿ, ಒಳಗೆ ಹೋಗಿ."

ಒಳಗೆ ಹೋದವರು ಸುಮ್ಮನಿದ್ದರೆ? ತಾವೂ ಸಹಾಯ ಮಾಡೋಣವೆಂದು ಬಾಯಿಬಡುಕನಿಗೆ ತಂಗಿಯ ಹೊಸ, ನಿಜವಾದ ವಿಳಾಸವನ್ನೇ ಕೊಟ್ಟು ಪರೀಕ್ಷೆ ಮಾಡಿದ್ದರು! "ಪರೀಕ್ಷೆ ತಾನೇ, ನಿಜವಾದದ್ದೇ ಇರ್ಲಿ ಅಂತ ಹಾಕ್ದೆ," ಎಂದರು. ಆ ಪೆಟ್ಟಿಗೆಯನ್ನೇ ಅಳಿಸಿ ಇನ್ನೊಂದು ತೆರೆಯಬೇಕಾಯಿತು. ಮಾತು ಬಿಟ್ಟದ್ದು ಅವತ್ತೇ.

ಕೊನೆಗೆ ಗೆದ್ದದ್ದು ನಾಲ್ಕನೆಯದು, ನಾನು ಗುಮ್ಮನಗುಸುಕ ಎಂದು ಕರೆದದ್ದು. ಏನನ್ನೂ ಕೇಳುವುದಿಲ್ಲ, ಏನನ್ನೂ ಹೇಳುವುದಿಲ್ಲ. ಅಪ್ಪನ ನೋಟ್‌ಬುಕ್ಕಿನ ಪ್ರಕಾರ ಇಪ್ಪತ್ತರಿಂದ ನಲವತ್ತು ಸೆಕೆಂಡು, ನೂರಾ ಹನ್ನೆರಡು ಸಲದಲ್ಲಿ ಒಂದು ಸಲವೂ ತಪ್ಪಿಲ್ಲ. ಅದರಲ್ಲಿ ಐದು ವಿಳಾಸ ಮಾಡಿಸಿದೆ. ಕೋರ್ಟಿಗೆ ಒಂದು, ಬ್ಯಾಂಕಿಗೆ ಒಂದು, ಶಾಲೆಗೆ ಒಂದು, ನನಗೊಂದು, ಅಪ್ಪನಿಗೊಂದು. ಯಾವುದಾದರೂ ಬೇರೆಯವರ ಕೈ ಸೇರಿದರೆ ಯಾರ ಕಡೆಯಿಂದ ಸೋರಿತು ಎಂದು ಆ ಕ್ಷಣವೇ ತಿಳಿಯುತ್ತದೆ.

"ಅಕಸ್ಮಾತ್ ಅವನ ಕೈಗೇ ಸಿಕ್ಬಿಟ್ರೆ?" ಎಂದು ಅಪ್ಪ ಕೇಳಿದರು.

"ಸಿಗ್ಲಿ ಬಿಡಿ ಅಪ್ಪ. ಊರೆಲ್ಲ ಡಂಗೂರ ಸಾರಿದ್ರೂ ಅವಳೆಲ್ಲಿದ್ದಾಳೆ ಅಂತ ಒಂದು ನರಪಿಳ್ಳೆಗೂ ಗೊತ್ತಾಗಲ್ಲ. ಅಂಥದ್ದು ಹುಡುಕಿದ್ದೀನಿ ನಾನು!" ಎಂದು ಬೀಗಿದೆ. ಮೂರು ವಾರದ ಕಷ್ಟಕ್ಕೆ ಅಷ್ಟು ಜಂಬವಾದರೂ ಬೇಡವೇ?

ನಾಲ್ಕು ತಿಂಗಳು ಚೆನ್ನಾಗಿ ಕಳೆಯಿತು. ತಂಗಿಗೆ ಹಲ್ಲಿನ ಸೆಟ್ಟು ತಯಾರಿಸುವ ಕಡೆ ಕೆಲಸ ಸಿಕ್ಕಿತು. ಪುಟ್ಟಿ ಹೊಸ ಶಾಲೆಗೆ ಹೊಂದಿಕೊಂಡಳು, ರಾತ್ರಿ ಬೆಚ್ಚಿ ಏಳುವುದು ನಿಂತಿತು. ಅಪ್ಪ ದಿನಾ ಬೆಂಚಿನ ಮೇಲೆ ಕೂತು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಮಗಳಿಗೆ ಬರೆಯುತ್ತಿದ್ದರು. ಅವಳೂ ಬರೆಯುತ್ತಿದ್ದಳು, ಪುಟ್ಟಿ ಶಾಲೆಗೆ ಹೊರಟು ನಿಂತ ಫೋಟೋವನ್ನು ನಮ್ಮಿಬ್ಬರಿಗೂ ಕಳಿಸಿದ್ದಳು.

ಒಂದು ಬೆಳಗ್ಗೆ ಒಬ್ಬ ಮೇಷ್ಟರಿಗೆ ಕಣ್ಣಿನ ಅಳತೆ ತೆಗೆಯುತ್ತಿದ್ದಾಗ ತಂಗಿಯ ಫೋನು ಬಂತು.

"ಅಕ್ಕಾ, ಅವನಿಂದ ಮೇಲ್ ಬಂದಿದೆ."

ನನ್ನ ಕೈಯಲ್ಲಿದ್ದ ಗಾಜು ಮೇಷ್ಟರ ತೊಡೆಯ ಮೇಲೆ ಬಿತ್ತು. "ಆ ಹಾಳು ಕಂಪನಿ! ನಾನು ಬಿಡ್ತೀನಾ ಅವರನ್ನ? ಗುಟ್ಟಂತೆ, ಮಣ್ಣಂತೆ..."

"ಕಂಪನಿ ಅಲ್ಲ ಅಕ್ಕ. ಅಪ್ಪನಿಗೆ ಕೊಟ್ಟಿದ್ವಲ್ಲ, ಆ ವಿಳಾಸಕ್ಕೆ ಬಂದಿದೆ."

ಓದು ಎಂದೆ. ಓದಿದಳು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಎರಡೇ ಸಾಲು. 'ನೀಲಿ ಸಮವಸ್ತ್ರ ಪುಟ್ಟಿಗೆ ಚೆನ್ನಾಗಿ ಒಪ್ಪುತ್ತೆ. ಶಾಲೆಗೂ ಒಳ್ಳೆಯ ಹೆಸರಿದೆಯಂತೆ, ವಿಚಾರಿಸಿದೆ.'

ಮೇಷ್ಟರನ್ನು ಕುರ್ಚಿಯಲ್ಲೇ ಬಿಟ್ಟು, ಫೋನು ಕಿವಿಯಲ್ಲಿಟ್ಟುಕೊಂಡೇ ಬೆಂಚಿನ ಹತ್ತಿರ ಹೋದೆ. "ಅಪ್ಪಾ, ಪುಟ್ಟಿ ಫೋಟೋ ಯಾರಿಗೆ ಕಳಿಸಿದ್ರಿ?"

ಅಪ್ಪ ಮುಚ್ಚಿಡಲಿಲ್ಲ. ಮುಚ್ಚಿಡಬೇಕು ಎಂದೂ ಅವರಿಗೆ ಗೊತ್ತಿರಲಿಲ್ಲ. "ಅಳಿಯಂದ್ರು ಮನೆಗೆ ಬಂದಿದ್ರಮ್ಮ. ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಮಗು ಮುಖ ನೋಡಿ ವರ್ಷ ಆಯ್ತು ಮಾವ, ಒಂದು ಫೋಟೋ ಕೊಡಿ ಸಾಕು ಅಂದ್ರು. ಅವಳು ಕಳಿಸಿದ್ದನ್ನೇ ಹಾಗೇ ದಾಟಿಸ್ದೆ. ಎಷ್ಟಾದ್ರೂ ತಂದೆ ಅಲ್ವೇನಮ್ಮ?"

"ತಂದೆ! ಅಪ್ಪಾ, ಅವಳ ಕೈ ಮುರಿದೋನು ಅವನು! ಅಂಗಿ ಮೇಲೆ ಶಾಲೆ ಹೆಸರಿರೋ ಪಟ್ಟಿ ಇದೆ, ನೋಡ್ಲಿಲ್ವಾ ನೀವು? ಕಣ್ಣಿಗೇನಾಗಿತ್ತು?" ಅಂಗಡಿಯ ತುಂಬ ಕನ್ನಡಕ ಇಟ್ಟುಕೊಂಡು ನಾನು ಈ ಮಾತನ್ನು ರಸ್ತೆಗೆ ಕೇಳುವ ಹಾಗೆ ಕಿರುಚಿದೆ.

ಅಪ್ಪ ನನ್ನನ್ನೇ ನೋಡಿದರು. "ನೀನೇ ಹೇಳಿದ್ದಲ್ಲಮ್ಮ. ಅವನ ಕೈಗೆ ಸಿಕ್ರೂ ಏನೂ ಗೊತ್ತಾಗಲ್ಲ ಅಂತ. ಅದಕ್ಕೇ ಧೈರ್ಯ ಮಾಡ್ದೆ."

ನೂರಾ ಹನ್ನೆರಡು ಸಲ ಪರೀಕ್ಷೆ ಮಾಡಿದವಳು ಅಪ್ಪನನ್ನು ಒಂದೇ ಒಂದು ಸಲವೂ ಕೂರಿಸಿ, ಕಂಪನಿ ಮುಚ್ಚಿಡುವುದು ವಿಳಾಸವನ್ನು ಮಾತ್ರ, ಪತ್ರದೊಳಗೆ ಬಂದದ್ದನ್ನಲ್ಲ ಎಂದು ಹೇಳಿರಲಿಲ್ಲ. ಹೇಳಿದ್ದು ಬರೀ ಜಂಬದ ಮಾತು. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

ಫೋನಿನಲ್ಲಿ ತಂಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಪ್ಪನ್ನ ಬೈಬೇಡ ಅಕ್ಕ. ಪುಟ್ಟೀನ ಶಾಲೆಯಿಂದ ಕರ್ಕೊಂಡು ಬಂದಾಯ್ತು. ಬಟ್ಟೆ ತುಂಬ್ತಿದ್ದೀನಿ. ಇವತ್ತೇ ಹೊರಡ್ತೀವಿ."

"ಎಲ್ಲಿಗೆ?"

"ಹೇಳಲ್ಲ."

"ನನಗೂನಾ? ನಿನಗೋಸ್ಕರ ಇಷ್ಟೆಲ್ಲ ಮಾಡಿದೋಳಿಗೆ?"

"ನಿನಗೂ ಅಕ್ಕ. ಮೊದಲನೇ ಸಲ ನನ್ನಿಂದ ತಪ್ಪಾಯ್ತು, ಎರಡನೇ ಸಲಾನೂ ನನ್ನಿಂದಾನೇ. ಈ ಸಲ ನಿಮ್ಮಿಂದ. ಇನ್ನೊಂದು ಸಲ ಓಡೋ ಶಕ್ತಿ ಪುಟ್ಟಿಗಿಲ್ಲ." ಹಿಂದಿನಿಂದ ಪುಟ್ಟಿ ತನ್ನ ಬಣ್ಣದ ಡಬ್ಬಿ ಎಲ್ಲಿ ಎಂದು ಕೇಳುತ್ತಿದ್ದಳು. ಫೋನು ಕಟ್ಟಾಯಿತು.

ಸಿಟ್ಟು ನೆತ್ತಿಗೇರಿತು. ಎಂಥ ಕೃತಘ್ನೆ ಎಂದುಕೊಂಡೆ. ಮೇಷ್ಟರು ಮೆಲ್ಲಗೆ ಎದ್ದು, ನಾಳೆ ಬರ್ತೀನಮ್ಮ ಎಂದು ಹೋದರು. ಆಮೇಲೆ ಹಿಂದಿನ ಕೋಣೆಗೆ ಹೋಗಿ ಯಂತ್ರದ ಸದ್ದಿನಲ್ಲಿ ಅತ್ತೆ. ನಮ್ಮೆಜಮಾನರು ಉಜ್ಜಲು ಗಾಜಿಲ್ಲದಿದ್ದರೂ ಯಂತ್ರವನ್ನು ಸುಮ್ಮನೆ ಓಡಿಸುತ್ತಿದ್ದರು.

ಒಂಬತ್ತು ದಿನ ಏನೂ ಇಲ್ಲ. ಅಪ್ಪ ಬೆಂಚಿನ ಮೇಲೆ ಕೂತಿರುತ್ತಿದ್ದರು, ಗಡಿಯಾರ ನೋಡುತ್ತಿರಲಿಲ್ಲ. ನಾನು ಅವರಿಗೆ ಕಾಫಿ ಕೊಡುತ್ತಿದ್ದೆ, ಮಾತಾಡಿಸುತ್ತಿರಲಿಲ್ಲ. ಹತ್ತನೆಯ ದಿನ ಮಧ್ಯಾಹ್ನ ನನ್ನ ಪೆಟ್ಟಿಗೆಗೆ ಒಂದು ಪತ್ರ ಬಂತು. ಕಳಿಸಿದವರ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲು, ನಾನು ಮಾಡಿಸಿಕೊಟ್ಟ ವಿಳಾಸಗಳಲ್ಲಿ ಯಾವುದೂ ಅಲ್ಲ.

'ತಲುಪಿದ್ವಿ. ಇಬ್ಬರೂ ಚೆನ್ನಾಗಿದ್ದೀವಿ. ನಾನೇ ಬರೀತೀನಿ, ನೀನು ಉತ್ತರ ಬರೀಬೇಡ.'

ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು.

"ತಪ್ಪಾಯ್ತು ಅಂತ ಅಪ್ಪ ಹೇಳಿದ್ರು ಅಂತ ಒಂದು ಸಾಲು ಬರಿಯಮ್ಮ," ಎಂದರು.

"ಬೇಡ ಅಂದಿದ್ದಾಳಲ್ಲ ಅಪ್ಪ."

"ಒಂದೇ ಸಾಲು."

ಬರೆದೆ. ಅವರದರ ಕೆಳಗೆ ನನ್ನದೂ ಒಂದು ಸಾಲು ಸೇರಿಸಿದೆ, ಅದೇ ಮಾತು. ಕಳಿಸಿ ಇನ್ನೂ ಬೆರಳು ತೆಗೆದಿರಲಿಲ್ಲ, ಇಂಥ ವಿಳಾಸವೇ ಇಲ್ಲ ಎಂದು ಅದು ವಾಪಸು ಬಂತು. ಅವಳ ಪತ್ರ ಎಲ್ಲಿಂದ ಬಂತು, ಯಾವ ಕಂಪನಿಯದು ಎಂದು ನನಗೆ ಗೊತ್ತಿದ್ದ ಎಲ್ಲ ದಾರಿಯಲ್ಲೂ ಕೆದಕಿ ನೋಡಿದೆ. ಒಂದು ಎಳೆಯೂ ಸಿಗಲಿಲ್ಲ.

"ಹೋಯ್ತಾ?" ಎಂದು ಅಪ್ಪ ಕೇಳಿದರು.

"ಇಲ್ಲ ಅಪ್ಪ. ತಲುಪಲಿಲ್ಲ. ನನಗೂ ಹುಡುಕೋಕೆ ಆಗ್ತಿಲ್ಲ ಅವಳನ್ನ."

ಅಪ್ಪ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡು, "ಸದ್ಯ," ಎಂದರು.