ಹದಿನೇಳನೇ ಮನೆಯ ಮತ

ನಮ್ಮ ಕಟ್ಟಡದಲ್ಲಿ ಹದಿನೇಳು ಮನೆಗಳು. ಮುಂದಿನ ಗೇಟು ಪೇಟೆಯ ರಸ್ತೆಗೆ ತೆರೆದುಕೊಳ್ಳುತ್ತದೆ. ಹಿಂದಿನ ಕಿರುಬಾಗಿಲು ಆಸ್ಪತ್ರೆಯ ರಸ್ತೆಗೆ. ನಡುವಿನ ಓಣಿಯಲ್ಲಿ ಹಾದುಹೋದರೆ ಕಾಲು ಗಂಟೆಯ ಸುತ್ತು ತಪ್ಪುತ್ತದೆ. ಹೀಗಾಗಿ ಪಾಳಿ ಮುಗಿಸಿದ ದಾದಿಯರು, ರೋಗಿಗಳಿಗೆ ಬುತ್ತಿ ಒಯ್ಯುವವರು, ದಾರಿ ತಿಳಿದ ಅಪರಿಚಿತರು ಎಲ್ಲರೂ ನಮ್ಮ ಕಿಟಕಿಗಳ ಕೆಳಗೇ ಓಡಾಡುತ್ತಿದ್ದರು. ಆ ಕಿರುಬಾಗಿಲಿಗೆ ಬೀಗ ಹಾಕಬೇಕೇ ಬೇಡವೇ ಎಂಬುದು ಇಪ್ಪತ್ತಾರು ವರ್ಷ ನಮ್ಮ ವಾರ್ಷಿಕ ಸಭೆಯ ಮುಗಿಯದ ಜಗಳವಾಗಿತ್ತು.

ಹಾಕಬೇಕು ಎನ್ನುವವರಲ್ಲಿ ನಾನು ಮೊದಲಿಗ. ಬೇಡ ಎನ್ನುವವರಲ್ಲಿ ನನ್ನ ಹೆಂಡತಿ ಮೊದಲಿಗಳು.

ನಮ್ಮ ಹದಿನೇಳನೇ ಮನೆ ಅವಳ ಹೆಸರಿನಲ್ಲಿತ್ತು. ನಾನು ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಅಚ್ಚಿನ ಮೊಳೆ ಜೋಡಿಸಿದವನು. ನನ್ನ ಸಂಬಳಕ್ಕೆ ಯಾರೂ ಮನೆ ಕೊಡುತ್ತಿರಲಿಲ್ಲ. ಅವಳು ಟೆಲಿಫೋನ್ ಕಚೇರಿಯಲ್ಲಿ ಕಿವಿಗೆ ಕಪ್ಪು ಬಟ್ಟಲು ಸಿಕ್ಕಿಸಿಕೊಂಡು ಊರೂರಿಗೆ ಕರೆ ಜೋಡಿಸುತ್ತಿದ್ದವಳು. ಆ ಕೆಲಸದಿಂದ ಮನೆ ಬಂತು. ಕೈ ಎತ್ತುವ ಹಕ್ಕು ಮಾಲೀಕರಿಗೆ ಮಾತ್ರ, ಮಾತಾಡುವ ಹಕ್ಕು ಎಲ್ಲರಿಗೂ ಎಂಬುದು ನಮ್ಮ ಸಂಘದ ನಿಯಮ. ಪ್ರತಿ ವರ್ಷ ನಾನು ಎದ್ದು ನಿಂತು ಬೀಗದ ಪರವಾಗಿ ಹತ್ತು ನಿಮಿಷ ಮಾತಾಡುತ್ತಿದ್ದೆ. ಆಮೇಲೆ ಅವಳು ಕುಳಿತಲ್ಲಿಂದಲೇ ಬೀಗದ ವಿರುದ್ಧ ಕೈ ಎತ್ತುತ್ತಿದ್ದಳು. ಸಭೆಯೆಲ್ಲ ನಗುತ್ತಿತ್ತು.

"ಭಾವ, ಹದಿನೇಳರಲ್ಲಿ ಬಾಯಿ ನಿಮ್ಮದು, ಕೈ ಅಕ್ಕನದು," ಎಂದು ಮೀಟರ್ ಮಾವ ಛೇಡಿಸುತ್ತಿದ್ದ. ವಿದ್ಯುತ್ ಮೀಟರು ಓದುವ ಕೆಲಸದಿಂದ ನಿವೃತ್ತನಾದ ಅವನು ಎರಡನೇ ಮಹಡಿಯವನು, ನನ್ನ ಪಕ್ಷದವನು.

ನನ್ನ ವಾದ ಮೊಂಡುವಾದವಲ್ಲ ಎಂದು ಈಗಲೂ ಹೇಳುತ್ತೇನೆ. ಓಣಿಯಿಂದ ಮೂರು ಸೈಕಲ್ ಕಳುವಾಗಿದ್ದವು. ಅದಕ್ಕಿಂತ ದೊಡ್ಡ ಮಾತು ಇನ್ನೊಂದು: ಆಸ್ಪತ್ರೆಗೆ ಕಾಲುದಾರಿ ಮಾಡಿಸುವುದು ಪುರಸಭೆಯ ಕೆಲಸ. ನಮ್ಮ ಅಂಗಳವನ್ನೇ ರಸ್ತೆ ಮಾಡಿಕೊಟ್ಟರೆ ಅವರು ಕಾಲ ಮೇಲೆ ಕಾಲು ಹಾಕಿ ಕೂರುತ್ತಾರೆ. ಇದನ್ನು ಮನೆಯಲ್ಲಿ ಹೇಳಿದರೆ ಅವಳು ದನಿ ಎತ್ತರಿಸುತ್ತಿರಲಿಲ್ಲ. ಕಚೇರಿಯಲ್ಲಿ ಪಳಗಿದ ತಗ್ಗಿದ ದನಿಯಲ್ಲೇ ಕೇಳುತ್ತಿದ್ದಳು: "ಪುರಸಭೆಗೆ ಬುದ್ಧಿ ಬರೋ ತನಕ ಆ ಹುಡುಗೀರು ಎಲ್ಲಿ ನಡೀಬೇಕು? ದಿನಾ ಎರಡು ಹೊತ್ತು ದೇವರಿಗೆ ಕೈ ಮುಗಿಯೋರು ದಾರಿಗೆ ಬೀಗ ಹಾಕ್ತಾರಾ?" ಆ ಮಾತಿಗೆ ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಈಗ ಬೇಕೆಂದರೂ ಬರುವುದಿಲ್ಲ.

ಎಂಟು ತಿಂಗಳ ಹಿಂದೆ ದೇವರು ಅವಳನ್ನು ಕರೆದುಕೊಂಡ. ಎರಡೇ ದಿನದ ಜ್ವರ. ಅವನ ಲೆಕ್ಕ ನನಗೆ ತಿಳಿಯದು. ತಿಳಿಯಬೇಕೆಂದು ಕೇಳುವುದನ್ನೂ ಬಿಟ್ಟಿದ್ದೇನೆ.

ಈ ವರ್ಷದ ಸಭೆ ಎಂದಿನಂತೆ ಭಾನುವಾರ ಬೆಳಿಗ್ಗೆ, ಮೆಟ್ಟಿಲ ಕೆಳಗಿನ ಜಾಗದಲ್ಲಿ ಸೇರಿತು. ಕಾರ್ಯದರ್ಶಿ ಬ್ಯಾಂಕಿನಲ್ಲಿ ಗುಮಾಸ್ತ, ನಲವತ್ತು ದಾಟಿಲ್ಲ. ಸದಸ್ಯರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

"ಕಳ್ಳರಿಗೆ ಕೆಂಪು ಹಾಸು ಹಾಸಿದೀವಿ," ಎಂದು ಮೀಟರ್ ಮಾವ ಶುರು ಮಾಡಿದ.

"ಕಳ್ಳರು ಮುಂದಿನ ಗೇಟಲ್ಲೂ ಬರ್ತಾರೆ ಮಾವ," ಎಂದಳು ಟೈಲರಮ್ಮ. ನೆಲಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವವಳು. ದಾದಿಯರ ಉಡುಪು ಹೊಲಿಯುವುದೇ ಅವಳ ಬದುಕು. "ಎಲೆಕ್ಷನ್ ಬಂದ್ರೆ ಎಲ್ಲಾ ಪಕ್ಷದೋರೂ ಕೈ ಮುಗೀತಾ ಇದೇ ಓಣೀಲಿ ಬರ್ತಾರಲ್ಲ, ಆಗ ಯಾಕೆ ಬೀಗ ನೆನಪಾಗಲ್ಲ?"

"ನಿಂಗೇನಮ್ಮ, ಗಿರಾಕಿ ಬಾಗಿಲಿಗೇ ಬರ್ತಾರೆ."

"ಹೂಂ, ಬರ್ತಾರೆ. ಮೊನ್ನೆ ನಿಮ್ಮ ಪ್ಯಾಂಟು ಸಡಿಲ ಮಾಡಿಸ್ಕೊಂಡು ಹೋಗಿದ್ದು ಯಾರು?"

ನಗು ನಿಂತ ಮೇಲೆ ಕೈಗಳು ಎದ್ದವು. ಬೀಗಕ್ಕೆ ಎಂಟು. ಬೇಡ ಎನ್ನಲು ಎಂಟು. ಎಲ್ಲರೂ ನನ್ನ ಕಡೆ ತಿರುಗಿದರು.

"ಸರ್, ಹದಿನೇಳು ಉಳೀತು," ಎಂದ ಕಾರ್ಯದರ್ಶಿ. "ಆದ್ರೆ ಪುಸ್ತಕದಲ್ಲಿ ಇನ್ನೂ ಅಮ್ಮನ ಹೆಸರೇ ಇದೆ. ಮೂರು ಸಲ ಹೇಳಿ ಕಳಿಸ್ದೆ. ಈಗ್ಲೇ ಹೊಡೆದು, ಕೆಳಗೆ ನಿಮ್ಮ ಹೆಸರು ಬರೆದು ಸಹಿ ಹಾಕ್ಬಿಡಿ. ಮತ ನಿಮ್ಮದಾಗತ್ತೆ."

"ಹಾಕದಿದ್ರೆ?"

"ಸಮ ಸಮ. ಬಾಗಿಲು ಈಗಿರೋ ಹಾಗೇ ಇರತ್ತೆ."

"ಹಾಕಿ ಭಾವ, ಇಪ್ಪತ್ತಾರು ವರ್ಷ ಕಾದಿದೀರಿ!" ಎಂದ ಮೀಟರ್ ಮಾವ.

ಕಾರ್ಯದರ್ಶಿ ಪೆನ್ನು ಕೊಟ್ಟ. ಪುಸ್ತಕದಲ್ಲಿ ಅವಳ ಹೆಸರು ಅವಳದೇ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿತ್ತು. ಮುದ್ರಣಾಲಯದಲ್ಲಿ ಎಷ್ಟೋ ಜನರ ಹೆಸರನ್ನು ಮೊಳೆ ಮೊಳೆಯಾಗಿ ಕಿತ್ತು ಪೆಟ್ಟಿಗೆಗೆ ಹಾಕಿದ ಕೈ ಇದು. ಏಳಲಿಲ್ಲ.

"ಬೇಡಪ್ಪ. ಹಾಗೇ ಇರಲಿ," ಎಂದೆ.

ಮೀಟರ್ ಮಾವ ಹಣೆ ಚಚ್ಚಿಕೊಂಡ. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾರ್ಯದರ್ಶಿ ಪಾಪ, ನಡಾವಳಿ ಬರೆಯತೊಡಗಿದ, ಬರೆದದ್ದನ್ನು ರೂಢಿಯಂತೆ ಗಟ್ಟಿಯಾಗಿ ಓದಿದ: "ಹದಿನೇಳನೇ ಮನೆ. ಮಾಲೀಕರು ಗೈರುಹಾಜರು."

ಅವಳು ಒಂದು ಸಭೆಯನ್ನೂ ತಪ್ಪಿಸಿದವಳಲ್ಲ. ಕೈ ಮುರಿದ ವರ್ಷ ಎಡಗೈ ಎತ್ತಿದ್ದಳು.

"ಹಾಗೆ ಬರೀಬೇಡ," ಎಂದೆ.

"ಮತ್ತೇನು ಬರೀಲಿ ಸರ್?"

ಅವನು ನಿಜವಾಗಿಯೇ ಕೇಳುತ್ತಿದ್ದ. ಹೆಸರು ಹಾಗೇ ಬಿಟ್ಟರೆ ವರ್ಷ ವರ್ಷವೂ ಅವಳ ಮುಂದೆ ಇದೇ ಮಾತು ಬರೆಯುತ್ತಾರೆ. ಬಾರದಿದ್ದವಳು ಎನ್ನಿಸಿಕೊಳ್ಳುವುದಕ್ಕಿಂತ ಹೋದವಳು ಎನ್ನಿಸಿಕೊಳ್ಳುವುದು ವಾಸಿ. ದೇವರನ್ನು ನೆನೆದು ಪುಸ್ತಕವನ್ನು ಎಳೆದುಕೊಂಡೆ. ಅಡ್ಡಗೆರೆ ಎಳೆದೆ, ಅಕ್ಷರ ಕಾಣುವಷ್ಟು ತೆಳ್ಳಗೆ. ಕೆಳಗೆ ನನ್ನ ಹೆಸರು ಬರೆದೆ.

"ಈಗ ಹೇಳಿ ಸರ್."

ಅವಳ ಮಾತನ್ನೇ ಹೇಳಿಬಿಡೋಣ ಎಂದು ಮನಸ್ಸು ಎಳೆಯಿತು. ಎಲ್ಲರ ಮುಖದಲ್ಲೂ ಅದೇ ನಿರೀಕ್ಷೆ ಇತ್ತು. ಆದರೆ ಬದುಕಿದ್ದಾಗ ಒಪ್ಪದ ಮಾತನ್ನು ಈಗ ಕನಿಕರಕ್ಕೆ ಒಪ್ಪಿದರೆ, ಅಷ್ಟು ವರ್ಷ ಅವಳೊಡನೆ ವಾದಿಸಿದ್ದೆಲ್ಲ ಆಟವಾಗಿತ್ತು ಎಂದಂತಾಗುತ್ತದೆ. ನಾವು ಆಟವಾಡಿರಲಿಲ್ಲ.

"ಬೀಗ ಹಾಕಿ," ಎಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೀಟರ್ ಮಾವನೂ.

ಮೇಲೆ ಬಂದಾಗ ಮಗಳು ಊಟದ ಮೇಜಿನ ಮೇಲೆ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹರಡಿಕೊಂಡು ತಿದ್ದುತ್ತಿದ್ದಳು. ತಾಯಿ ಹೋದಂದಿನಿಂದ ನಾವಿಬ್ಬರೂ ರೋಗಿಯ ಕೋಣೆಯಲ್ಲಿರುವವರಂತೆ ಮಾತಾಡುತ್ತಿದ್ದೆವು. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಷ್ಟೇ.

ನಡೆದದ್ದನ್ನು ಹೇಳಿದೆ. ಅವಳು ಕೆಂಪು ಪೆನ್ನು ಕೆಳಗಿಟ್ಟಳು.

"ಅಮ್ಮನ ಹೆಸರು ಹೊಡೆದು, ಅಮ್ಮನ ಬಾಗಿಲಿಗೇ ಬೀಗ ಜಡಿಸಿ ಬಂದ್ರಾ?"

"ನನ್ನ ಮಾತು ಯಾವತ್ತೂ ಅದೇ ಅಲ್ವಾ?"

"ನಾಳೆ ಬೆಳಿಗ್ಗೆ ಆ ದಾದಿಯರು ಬೀಗ ಹಿಡ್ಕೊಂಡು ನಿಂತ್ರೆ ಏನಂತೀರಿ?"

"ಪುರಸಭೆಗೆ ಅರ್ಜಿ ಕೊಡಿ ಅಂತೀನಿ."

"ಯಾರು ಕೊಡಬೇಕು? ರಾತ್ರಿಯೆಲ್ಲ ನಿಂತು ದುಡಿದೋರಾ?" ಅವಳ ದನಿ ಏರಿತು, ಇದು ತಾಯಿಯದಲ್ಲ, ನನ್ನದೇ ದನಿ. "ಬೀಗ ಹಾಕಿಸಿದೋರು ನೀವು. ಅರ್ಜೀನೂ ನೀವೇ ಬರೀರಿ. ಊರವರ ಮಾತೆಲ್ಲ ಅಚ್ಚು ಹಾಕಿದೀರಲ್ಲ, ಇದೊಂದು ಬರೀರಿ ನೋಡೋಣ!"

"ಬರೀತೀನಿ. ನಿನ್ನ ಹೆದರಿಕೆ ಏನು ನಂಗೆ?"

ಕುರ್ಚಿ ಎಳೆದು ಕುಳಿತೆ. ಅವಳು ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ತಳ್ಳಿದಳು. ಮಾನ್ಯರೇ, ಆಸ್ಪತ್ರೆಗೆ ಕಾಲುದಾರಿ ಮಾಡಿಸಿಕೊಡಬೇಕೆಂದು ವಿನಂತಿ, ಎಂದು ಬರೆದೆ.

"ವಿನಂತಿ ಯಾಕೆ? ಹಕ್ಕು ಅಂತ ಬರೀರಿ," ಎಂದಳು.

"ಸರ್ಕಾರದೋರ ಹತ್ರ ಹಾಗೆಲ್ಲ ಮಾತಾಡಬಾರದಮ್ಮ."

"ಅದಕ್ಕೇ ಇಷ್ಟು ವರ್ಷ ದಾರಿ ಆಗಿಲ್ಲ!"

ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದರೂ ಇಬ್ಬರೂ ಏಳಲಿಲ್ಲ.